ಹದಿಹರೆಯದ ಓದು ಮತ್ತು ಕಾದಂಬರಿಯ ಆಯ್ಕೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರವನ್ನು ಅನುಲಕ್ಷಿಸಿ

ಒಂದು ಕಾದಂಬರಿಯನ್ನು ‘ಇದನ್ನು ಓದಿ ನೋಡು’ ಎಂದು ಕಿರಿಯರ ಕೈಗೆ ಕೊಡುವುದು ವಿಮರ್ಶೆಯ ಬಹಳ ಹಳೆಯ ರೂಪ. ಕೊಡುವವರು ಅಧ್ಯಾಪಕರಿರಬಹುದು, ಗ್ರಂಥಪಾಲಕರಿರಬಹುದು, ಮನೆಯ ಹಿರಿಯರಿರಬಹುದು. ಆ ಕ್ಷಣದಲ್ಲಿ ಅವರು ಒಂದು ಕೃತಿಯ ಬಗೆಗೂ ಓದುಗನ ಬಗೆಗೂ ಏಕಕಾಲಕ್ಕೆ ತೀರ್ಮಾನ ಕೈಗೊಂಡಿರುತ್ತಾರೆ. ಆದರೂ ನಮ್ಮ ವಿಮರ್ಶಾ ಪರಂಪರೆ ಈ ಕ್ರಿಯೆಯನ್ನು ಗಂಭೀರವಾಗಿ ಪರಿಗಣಿಸಿಲ್ಲ. ಮಕ್ಕಳ ಸಾಹಿತ್ಯದ ಕುರಿತು ವಿಚಾರ ಸಂಕಿರಣಗಳು ನಡೆದಿವೆ. ಕಾದಂಬರಿ ಪ್ರಕಾರದ ಕುರಿತು ಪ್ರೌಢ ಪ್ರಬಂಧಗಳು ಬಂದಿವೆ. ಇವೆರಡರ ನಡುವೆ, ಹದಿಮೂರರಿಂದ ಹದಿನೆಂಟರವರೆಗಿನ ಓದುಗ ಯಾರ ಲೆಕ್ಕಕ್ಕೂ ಸಿಗದೆ ಉಳಿದಿದ್ದಾನೆ. ಅವನಿಗೆಂದು ಸಿದ್ಧಪಡಿಸಿದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಎರಡೇ ಮಾನದಂಡಗಳು ಕಾಣುತ್ತವೆ: ಕೃತಿ ಸರಳವಾಗಿರಬೇಕು, ಕೃತಿಯಲ್ಲಿ ನೀತಿ ಇರಬೇಕು. ಈ ಎರಡೂ ಮಾನದಂಡಗಳು ಹಿರಿಯರ ಅನುಕೂಲಕ್ಕೆ ಹುಟ್ಟಿದವು ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನೊಳಗೊಂಡ ಪರಿಸರವನ್ನು ಆಧಾರವಾಗಿಟ್ಟುಕೊಂಡು, ಇಲ್ಲಿನ ಹದಿಹರೆಯದವರಿಗೆ ಯಾವ ಕಾದಂಬರಿಗಳನ್ನು, ಯಾವ ಕ್ರಮದಲ್ಲಿ, ಯಾವ ಎಚ್ಚರದೊಡನೆ ಕೊಡಬೇಕೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಪರಿಸರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಲ್ಲಿ ಬಹುಪಾಲು ಮನೆಗಳ ಮಾತು ತುಳು. ಅದರ ಜೊತೆಗೆ ಬ್ಯಾರಿ, ಕೊಂಕಣಿ, ಹವ್ಯಕ, ಕರಾಡಿ, ಚಿತ್ಪಾವನಿಗಳಿವೆ. ಕನ್ನಡ ಇಲ್ಲಿ ಶಾಲೆಯ ಭಾಷೆ, ಯಕ್ಷಗಾನದ ಭಾಷೆ, ಪತ್ರಿಕೆಯ ಭಾಷೆ. ಹೀಗಾಗಿ ಇಲ್ಲಿನ ಹುಡುಗನೋ ಹುಡುಗಿಯೋ ಕನ್ನಡ ಕಾದಂಬರಿಯೊಂದನ್ನು ಕೈಗೆತ್ತಿಕೊಂಡಾಗ ಮನೆಯ ಮಾತಿನಿಂದ ಒಂದು ಹೆಜ್ಜೆ ಆಚೆಗೆ ಬಂದಿರುತ್ತಾರೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಹೆಚ್ಚಿದ ಮೇಲೆ ಈ ಅಂತರ ಎರಡು ಹೆಜ್ಜೆಯಾಗಿದೆ. ಮೈಸೂರಿನಲ್ಲೋ ಧಾರವಾಡದಲ್ಲೋ ‘ಸರಳ’ ಎನಿಸಿದ ಪುಸ್ತಕ ಇಲ್ಲಿ ಸರಳವಾಗಬೇಕೆಂದಿಲ್ಲ. ಅಲ್ಲಿ ಕಠಿಣವೆನಿಸಿದ್ದು ಇಲ್ಲಿ ಊರಿನ ಮಣ್ಣಿನ ವಾಸನೆಯಿಂದಲೇ ಹತ್ತಿರವಾಗಬಹುದು.

ಕಿರಿಯರ ಓದಿನ ಮಾತು ಬಂದಾಗ ಬಂಟ್ವಾಳದಿಂದ ಆರಂಭಿಸುವುದು ಉಚಿತ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇಲ್ಲಿ. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ತುಳು, ಬರವಣಿಗೆಯಲ್ಲಿ ಕನ್ನಡ. ಅಧ್ಯಾಪಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಮಕ್ಕಳ ನಾಲಗೆಯನ್ನು ಬಲ್ಲವರಾದ ಅವರು ಶಿಶುಗೀತೆಗೂ ಮಕ್ಕಳ ಕಥೆಗೂ ಕನ್ನಡದಲ್ಲಿ ಹೊಸ ದಾರಿ ಹಾಕಿದರು. ಅವರ ‘ಕೋಟಿ ಚೆನ್ನಯ’ ಮಾತ್ರ ಶಿಶುಸಾಹಿತ್ಯದ ಚೌಕಟ್ಟನ್ನು ಮೀರುತ್ತದೆ. ತುಳು ಪಾಡ್ದನದ ಅವಳಿ ವೀರರನ್ನು ಕನ್ನಡ ಗದ್ಯಕ್ಕೆ ತಂದ ಈ ಕೃತಿಯನ್ನು ಕಾದಂಬರಿಯೆಂದು ಕರೆಯಬೇಕೇ ನೀಳ್ಗತೆಯೆಂದು ಕರೆಯಬೇಕೇ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಗರಡಿಯ ನೇಮದಲ್ಲಿ ಕಣ್ಣಾರೆ ಕಂಡ ದೈವಗಳನ್ನು ಪುಟದ ಮೇಲೆ ಸಿಟ್ಟು, ಹಟ, ಅವಮಾನಗಳಿರುವ ಯುವಕರನ್ನಾಗಿ ಕಾಣುವ ಅನುಭವ ಇಲ್ಲಿನ ಹದಿಹರೆಯದವರಿಗೆ ಮಾತ್ರ ಲಭ್ಯ ಎಂಬುದಷ್ಟೇ ಮುಖ್ಯ.

ಪಂಜೆಯವರ ನಂತರ ಕನ್ನಡದಲ್ಲಿ ಬಾಲಸಾಹಿತ್ಯ ಬೆಳೆಯಿತು. ಜ್ಞಾನದ ಪುಸ್ತಕಗಳೂ ಬಂದವು. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಿರಂಜನರ ಸಂಪಾದಕತ್ವದ ‘ಜ್ಞಾನ ಗಂಗೋತ್ರಿ’ ಸಂಪುಟಗಳು ಅಂದಿನ ಕಿರಿಯರ ಲೋಕವನ್ನು ವಿಸ್ತರಿಸಿದವು. ಕಿಶೋರ ಕಾದಂಬರಿಯೆಂಬ ಪ್ರಕಾರವೊಂದು ಮಾತ್ರ ಇಂಗ್ಲಿಷಿನಲ್ಲಿರುವಂತೆ ಪ್ರತ್ಯೇಕವಾಗಿ ರೂಪುಗೊಳ್ಳಲಿಲ್ಲ. ಹದಿಹರೆಯದವರು ತಮ್ಮ ಪಾಡಿಗೆ ತಾವು ಓದಿಕೊಂಡರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ತ್ರಿವೇಣಿಯವರ ನಾಯಕಿಯರು, ಯಂಡಮೂರಿ ವೀರೇಂದ್ರನಾಥರ ಅನುವಾದಗಳು, ‘ಸುಧಾ’ ‘ತರಂಗ’ಗಳ ಧಾರಾವಾಹಿಗಳು: ಯಾವ ಪಟ್ಟಿಯೂ ಸೂಚಿಸದ ಈ ಓದು ಹಿಂದಿನ ತಲೆಮಾರಿನ ಅದೆಷ್ಟೋ ಮಂದಿಯನ್ನು ಓದುಗರನ್ನಾಗಿ ಮಾಡಿತು. ಜನಪ್ರಿಯ ಕಾದಂಬರಿಗಳ ಬಗ್ಗೆ ತಾತ್ಸಾರದಿಂದ ಮಾತನಾಡುವ ಅಧ್ಯಾಪಕರೂ ಒಂದು ಕಾಲದಲ್ಲಿ ಅವುಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದವರೇ. ಪುಟ ತಿರುಗಿಸುವ ಆತುರವನ್ನು ಕಲಿಸದ ಸಾಹಿತ್ಯಶಿಕ್ಷಣ ಮುಂದಕ್ಕೆ ಹೋಗುವುದಿಲ್ಲ.

ಇಷ್ಟಾದರೂ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ಕಿಶೋರ ಕಾದಂಬರಿ ಎಂಬ ಪ್ರಕಾರ ಇಲ್ಲದಿದ್ದ ಕನ್ನಡದಲ್ಲಿ, ಮುಖ್ಯ ಕಾದಂಬರಿಯ ಕೇಂದ್ರದಲ್ಲಿಯೇ ಹದಿಹರೆಯವಿತ್ತು. 1899ರಲ್ಲಿ ಮಂಗಳೂರಿನಿಂದ ಹೊರಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಅದರ ನಾಯಕಿ ಎಳೆಯ ವಿಧವೆ. ಅವಳು ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಇಂದು ಹೈಸ್ಕೂಲಿನಲ್ಲಿರಬೇಕಾದ ವಯಸ್ಸಿನ ಹುಡುಗಿಯ ಬದುಕು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯಿಂದ ಕನ್ನಡ ಸಾಮಾಜಿಕ ಕಾದಂಬರಿ ಆರಂಭವಾಯಿತೆಂದರೆ ತಪ್ಪಾಗದು. ಹಾಗೆಂದು ‘ಇಂದಿರಾಬಾಯಿ’ಯನ್ನು ಹದಿನೈದರ ಹುಡುಗಿಗೆ ಮೊದಲ ಪುಸ್ತಕವಾಗಿ ಕೊಡಲಾಗದು. ಅದರ ಗದ್ಯ ಶತಮಾನದಷ್ಟು ಹಿಂದಿನದು. ಅದಕ್ಕಿಂತ ಮುಖ್ಯವಾಗಿ, ಕೃತಿಯ ಉಪಶೀರ್ಷಿಕೆಯೇ ‘ಸದ್ಧರ್ಮ ವಿಜಯವು’. ಗೆಲ್ಲಬೇಕಾದದ್ದು ಯಾವುದೆಂದು ಲೇಖಕರು ಮೊದಲೇ ನಿರ್ಧರಿಸಿದ್ದಾರೆ. ಓದುಗಳಿಗೆ ಒಪ್ಪುವುದಲ್ಲದೆ ಬೇರೆ ಕೆಲಸವಿಲ್ಲ. ಇಲ್ಲಿಂದಲೇ ಈ ಲೇಖನದ ಮಾನದಂಡ ಹುಟ್ಟುತ್ತದೆ. ಎಳೆಯರ ಬದುಕಿನ ಪ್ರಶ್ನೆಯನ್ನು ಎತ್ತಿ, ಹಿರಿಯರ ತೀರ್ಪನ್ನು ಮೊದಲೇ ಬರೆದಿಡದ ಕಾದಂಬರಿಗಳೇ ಆ ವಯಸ್ಸಿಗೆ ಯೋಗ್ಯವಾದವು.

ಈ ಮಾನದಂಡವನ್ನು ‘ಚೋಮನ ದುಡಿ’ಯ (1933) ಮೇಲಿಟ್ಟು ನೋಡಬಹುದು. ಕಾರಂತರ ಕೃತಿಗಳಲ್ಲಿ ಗಾತ್ರದಲ್ಲಿ ಕಿರಿದು, ಭಾಷೆಯಲ್ಲಿ ನೇರ. ಆದ್ದರಿಂದ ಯಾವ ಪಟ್ಟಿಯಲ್ಲೂ ಇದು ತಪ್ಪುವುದಿಲ್ಲ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ಚಲನಚಿತ್ರದಿಂದಾಗಿ ಕಥೆ ಎಲ್ಲರಿಗೂ ಗೊತ್ತಿದೆ ಎಂಬ ಭಾವನೆಯೂ ಇದೆ. ಸ್ವಂತ ಬೇಸಾಯದ ಆಸೆ ಹೊತ್ತು, ಅದು ಕೈಗೂಡದೆ, ದುಡಿ ಬಾರಿಸುತ್ತಲೇ ಸಾಯುವ ಚೋಮನ ದುರಂತವೆಂದು ನಾವು ಅದನ್ನು ಪಾಠ ಮಾಡುತ್ತ ಬಂದಿದ್ದೇವೆ. ಹದಿಹರೆಯದ ಓದುಗ ಈ ಕೃತಿಯನ್ನು ಬೇರೆಯಾಗಿ ಓದಬಲ್ಲ. ಅವನ ಕಣ್ಣಿಗೆ ಬೀಳುವವರು ಚೋಮನ ಮಕ್ಕಳು. ತಂದೆಯ ಸಾಲ ತೀರಿಸಲು ಚನಿಯ, ಗುರುವ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಗುರುವ ಅಲ್ಲಿ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ ಜಾತಿಯನ್ನೇ ಬಿಟ್ಟುಬಿಡುತ್ತಾನೆ. ಬೆಳ್ಳಿ ಮನೆಯ ಭಾರವನ್ನೂ ತೋಟದ ಸಾಲವನ್ನೂ ಹೊತ್ತು, ಕೊನೆಗೆ ತಂದೆಯ ಸಿಟ್ಟಿಗೂ ಗುರಿಯಾಗುತ್ತಾಳೆ. ನೀರಿನಲ್ಲಿ ಮುಳುಗುವ ನೀಲನನ್ನು ಮುಟ್ಟಿ ಮೇಲೆತ್ತುವವರಿಲ್ಲ. ತಂದೆಯ ಆಸೆಗೆ ಮಕ್ಕಳು ತೆತ್ತ ಬೆಲೆ ಎಷ್ಟು ಎಂಬ ಲೆಕ್ಕ ಈ ಕೃತಿಯೊಳಗೆ ಇದೆ. ಗುರುವ ಮಾಡಿದ್ದು ತಪ್ಪೇ ಎಂದು ಹದಿನಾರರ ಹುಡುಗರನ್ನು ಕೇಳಿದರೆ ತರಗತಿ ಎರಡಾಗುತ್ತದೆ. ಚೋಮ ಮತಾಂತರಕ್ಕೆ ಹೊರಟವನು ಪಂಜುರ್ಲಿಯ ನೆನಪಿಗೆ ಮಣಿದು ಹಿಂದಿರುಗುತ್ತಾನೆ, ಮಗ ಹಿಂದಿರುಗುವುದಿಲ್ಲ. ಕಾರಂತರು ಇಬ್ಬರನ್ನೂ ಖಂಡಿಸಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಪಟ್ಟಿ ಮಾಡುವವರು ಅದರ ಕಡೆಗೆ ಗಮನ ಹರಿಸಿದ್ದು ಕಡಿಮೆ. ‘ಚೋಮನ ದುಡಿ’ಯನ್ನು ಸಹಾನುಭೂತಿಯ ಪಾಠವಾಗಿ ಕೊಡುವಾಗ ನಾವು ಊಹಿಸಿಕೊಂಡಿರುವ ಓದುಗ ಯಾರು? ಚೋಮನನ್ನು ದೂರದಿಂದ ನೋಡಿ ಮರುಗಬಲ್ಲವನು. ಅದೇ ಬೆಂಚಿನಲ್ಲಿ ಕುಳಿತ ದಲಿತ ಹುಡುಗಿಗೆ ಆ ಪಾಠದ ಅವಧಿ ಹೇಗಿರುತ್ತದೆ? ಕೃತಿಯಲ್ಲಿ ಬರುವ ಜಾತಿಸೂಚಕ ಪದಗಳನ್ನು ಗಟ್ಟಿಯಾಗಿ ಓದುವಾಗ ತರಗತಿಯಲ್ಲಿ ಇಳಿಯುವ ಮೌನ ಅಧ್ಯಾಪಕರಿಗೆ ಗೊತ್ತಿಲ್ಲದ್ದೇನಲ್ಲ. ಪದಗಳನ್ನು ಅಳಿಸುವುದಾಗಲಿ ಪುಸ್ತಕವನ್ನು ಬದಿಗಿಡುವುದಾಗಲಿ ಇದಕ್ಕೆ ಪರಿಹಾರವೆಂದು ನನಗೆ ಅನಿಸುವುದಿಲ್ಲ. ಮರುಕದ ಜಾಗದಲ್ಲಿ ಚರಿತ್ರೆಯನ್ನು ತರಬೇಕು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಈ ಜಿಲ್ಲೆಯಲ್ಲಿ ಬಹಳಷ್ಟು ಗೇಣಿದಾರರು ಭೂಮಿಯ ಒಡೆಯರಾದರು. ಇಂದು ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಅಡಿಕೆ ತೋಟವಿರುವ ಎಷ್ಟೋ ಮನೆಗಳ ಅಜ್ಜಂದಿರು ಆಗ ಡಿಕ್ಲರೇಶನ್ ಹಾಕಿದವರು. ಗೇಣಿಗೆ ಗದ್ದೆ ಸಿಗುವ ಯೋಗ್ಯತೆಯೂ ಇಲ್ಲವೆನಿಸಿಕೊಂಡಿದ್ದ ಚೋಮನಂಥವರಿಗೆ ಆ ಕಾನೂನಿನಲ್ಲಿ ದೊರೆತದ್ದೇನು? ಡಿ.ಸಿ. ಮನ್ನಾ ಭೂಮಿಗಾಗಿ ದಲಿತ ಸಂಘಟನೆಗಳು ಜಿಲ್ಲೆಯಲ್ಲಿ ಪದೇ ಪದೇ ಸಲ್ಲಿಸಿದ ಬೇಡಿಕೆಗಳನ್ನು ಈ ಕಾದಂಬರಿಯ ಪಕ್ಕದಲ್ಲಿಟ್ಟು ಓದಿದರೆ, ಚೋಮನ ಆಸೆ 1933ರಲ್ಲಿ ಮುಗಿದ ಕಥೆಯಾಗಿ ಕಾಣುವುದಿಲ್ಲ. ಆಗ ಹಿಂದಿನ ಬೆಂಚಿನ ಹುಡುಗಿಗೂ ಮಾತನಾಡಲು ವಿಷಯವಿರುತ್ತದೆ. ಬಹುಶಃ ಅಧ್ಯಾಪಕರಿಗಿಂತ ಹೆಚ್ಚೇ ಇರುತ್ತದೆ.

‘ಕುಡಿಯರ ಕೂಸು’ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಪಶ್ಚಿಮ ಘಟ್ಟದ ಮಲೆಕುಡಿಯರ ಬದುಕನ್ನು ಕುರಿತ ಈ ಕಾದಂಬರಿಗೆ ಬೆಳ್ತಂಗಡಿ ತಾಲೂಕಿನಲ್ಲಿ ವಿಶೇಷ ಓದುಗರಿದ್ದಾರೆ. ಕುದುರೆಮುಖದ ತಪ್ಪಲಿನ ಊರುಗಳಿಂದ ಶಾಲೆಗೆ ಬರುವ ಆ ಸಮುದಾಯದ ಮಕ್ಕಳೇ ಅವರು. ಹೊರಗಿನಿಂದ ಬಂದ, ಪ್ರೀತಿಯಿರುವ, ಆದರೂ ಹೊರಗಿನದೇ ಆದ ಕಣ್ಣೊಂದು ತಮ್ಮನ್ನು ಹೇಗೆ ಕಂಡಿತೆಂಬುದನ್ನು ಪರೀಕ್ಷಿಸುವ ಹಕ್ಕು ಅವರದು. ಕಾರಂತರ ಹೆಸರಿನ ಭಾರದಿಂದ ಆ ಹಕ್ಕನ್ನು ಕುಗ್ಗಿಸಬಾರದು.

‘ಬೆಟ್ಟದ ಜೀವ’ (1943) ಹದಿಹರೆಯದವರ ಪಟ್ಟಿಗಳಲ್ಲಿ ಕಾಣುವುದು ನಿಸರ್ಗ ವರ್ಣನೆಯ ಕಾರಣಕ್ಕೆ. ಸುಬ್ರಹ್ಮಣ್ಯದ ಕಡೆಯ ಕಾಡು, ದಾರಿ ತಪ್ಪಿದ ನಿರೂಪಕ, ದೇರಣ್ಣ ಮತ್ತು ಬಟ್ಯರೊಡನೆ ಕತ್ತಲೆಯಲ್ಲಿ ನಡೆಯುವ ನಡಿಗೆ, ಹುಲಿಯ ಬೇಟೆ, ಗೋಪಾಲಯ್ಯನವರ ಮಾತಿನ ಸವಿ: ಇವೆಲ್ಲ ಆಕರ್ಷಕವೇ. ಆದರೆ ಇದು ವೃದ್ಧ ದಂಪತಿಗಳ ಕಾದಂಬರಿ, ಎಳೆಯರಿಗೆ ಇದರಲ್ಲೇನಿದೆ ಎಂದು ಕೇಳುವವರಿದ್ದಾರೆ. ಉತ್ತರವಿರುವುದು ಪುಟಗಳಲ್ಲಿ ನೇರವಾಗಿ ಕಾಣಿಸಿಕೊಳ್ಳದ ಶಂಭುವಿನಲ್ಲಿ. ಮನೆ ಬಿಟ್ಟು ಹೋದ ಆ ಮಗನ ಗೈರುಹಾಜರಿಯೇ ಕೃತಿಯ ನಡುಮನೆ. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದ್ದು ಯಾರಿಗಾಗಿ ಎಂಬ ಪ್ರಶ್ನೆ ಶಂಕರಮ್ಮನ ಪ್ರತಿ ನಿಟ್ಟುಸಿರಿನಲ್ಲಿದೆ. ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಮಕ್ಕಳನ್ನು ಕಳುಹಿಸುತ್ತಲೇ ಬಂದ ಈ ತಾಲೂಕುಗಳಲ್ಲಿ ಹದಿನೇಳು ದಾಟಿದವರೆಲ್ಲ ಹೊರಡಲು ಸಿದ್ಧರಾದ ಶಂಭುಗಳೇ. ಹಿರಿಯರು ಗೋಪಾಲಯ್ಯನಾಗಿ ಓದಿ ಕಣ್ಣೊರೆಸಿಕೊಳ್ಳುವ ಕಾದಂಬರಿಯನ್ನು ಅವರು ಶಂಭುವಾಗಿ ಓದುತ್ತಾರೆ. ಅವನು ಯಾಕೆ ಹೋದ, ಬರಬೇಕಿತ್ತೇ, ತೋಟಕ್ಕೆ ಬೇರೊಬ್ಬ ನಾರಾಯಣ ಸಾಲದೇ ಎಂದು ಕೇಳುತ್ತಾರೆ. ‘ತಂದೆತಾಯಿಯನ್ನು ನೋಡಿಕೊಳ್ಳಬೇಕು’ ಎಂಬ ನೀತಿಯನ್ನು ಈ ಕೃತಿಯಿಂದ ಹಿಂಡಿ ತೆಗೆಯುವ ಪ್ರಶ್ನೋತ್ತರಗಳು ಅದಕ್ಕೆ ಮಾಡುವ ಅನ್ಯಾಯ ಸಣ್ಣದಲ್ಲ.

ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಕೊಟ್ಟಿಗೆಹಾರ; ಅಲ್ಲಿಂದ ಮುಂದೆ ಮೂಡಿಗೆರೆ. ಚೋಮನ ಮಕ್ಕಳು ಸಾಲದ ಹೊರೆ ಹೊತ್ತು ಹತ್ತಿದ್ದು ಇಂಥದೇ ಘಟ್ಟವನ್ನು. ಅದೇ ಘಟ್ಟದ ನೆತ್ತಿಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೊ’ ಪ್ರಕಟಿಸಿದರು. ಇಂದು ಹದಿಹರೆಯದವರಿಗೆ ಒಂದೇ ಒಂದು ಕನ್ನಡ ಕಾದಂಬರಿಯನ್ನು ಸೂಚಿಸಿ ಎಂದು ಕೇಳಿದರೆ ಬಹುತೇಕರು ಹೇಳುವ ಹೆಸರು ಇದು. ಆ ಮಾತನ್ನು ಅಲ್ಲಗಳೆಯಲು ನನ್ನಲ್ಲೂ ಕಾರಣವಿಲ್ಲ. ಹಾಸ್ಯವಿದೆ, ಹುಡುಕಾಟವಿದೆ, ಕಿವಿ ಎಂಬ ನಾಯಿಯಿದೆ, ಬಿರಿಯಾನಿ ಕರಿಯಪ್ಪನಿದ್ದಾನೆ. ಅದಕ್ಕಿಂತ ಹೆಚ್ಚಾಗಿ ಮಂದಣ್ಣನಿದ್ದಾನೆ. ಊರವರ ಕಣ್ಣಿಗೆ ಮಂಕನಾದ, ಒಂದು ನೌಕರಿಯೂ ಒಂದು ಮದುವೆಯೂ ಆದರೆ ಸಾಕೆಂದುಕೊಂಡ ಈ ಜೇನು ಹಿಡಿಯುವವನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಪ್ರಕೃತಿಶಾಸ್ತ್ರಜ್ಞನನ್ನು ಕಾಣುತ್ತಾರೆ. ಅಂಕಪಟ್ಟಿಯಲ್ಲಿ ಹಿಂದುಳಿದ ವಿದ್ಯಾರ್ಥಿಗೆ ಈ ಒಂದು ಸಂಗತಿ ನೀಡುವ ಬಿಡುಗಡೆಯನ್ನು ಯಾವ ವ್ಯಕ್ತಿತ್ವ ವಿಕಸನದ ಪುಸ್ತಕವೂ ನೀಡಲಾರದು.

‘ಕರ್ವಾಲೊ’ವನ್ನು ಕರಾವಳಿಯ ಹುಡುಗರು ಓದುವಾಗ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಕಾದಂಬರಿಯಲ್ಲಿ ಹಾರುವ ಓತಿ ಯುಗಯುಗಗಳ ಆಚೆಯಿಂದ ಉಳಿದು ಬಂದ ನಿಗೂಢ ಜೀವಿ. ತಂಡವೆಲ್ಲ ಕಾಡು ಸುತ್ತಿ ಕೊನೆಗೆ ಕಂಡರೂ ಅದು ಕಣಿವೆಯತ್ತ ತೇಲಿ ಮರೆಯಾಗುತ್ತದೆ. ದಕ್ಷಿಣ ಕನ್ನಡದ ಅಡಿಕೆ, ತೆಂಗಿನ ತೋಟಗಳಲ್ಲಿ ಹಾರುವ ಓತಿ ಕಾಣಸಿಗದ ಜೀವಿಯೇನಲ್ಲ. ಮಧ್ಯಾಹ್ನದ ಬಿಸಿಲಿಗೆ ಕಂಬದಂತಹ ಅಡಿಕೆ ಮರದ ಮೇಲೆ ಗಂಟಲ ಚೀಲ ಬಿಚ್ಚಿ ಕುಳಿತು, ಮರದಿಂದ ಮರಕ್ಕೆ ತೇಲುವುದನ್ನು ಕಂಡವರು ಬೆಳ್ತಂಗಡಿ ಕಡೆ ಇದ್ದಾರೆ. ಹಾಗೆ ಕಂಡ ಹುಡುಗನೊಬ್ಬ ‘ಇದು ನಮ್ಮ ತೋಟದಲ್ಲೇ ಇದೆಯಲ್ಲ, ಇದಕ್ಕೇಕೆ ಇಷ್ಟು ಸಾಹಸ’ ಎಂದು ಕೇಳಿದರೆ ಅಧ್ಯಾಪಕರು ಗಲಿಬಿಲಿಗೊಳ್ಳಬೇಕಾಗಿಲ್ಲ. ಕೃತಿಯೊಡನೆ ಜಗಳವಾಡುವ ಓದು ಅಲ್ಲಿ ಆರಂಭವಾಗಿದೆ. ಕಾಣುವುದಕ್ಕೂ ನೋಡುವುದಕ್ಕೂ ಇರುವ ವ್ಯತ್ಯಾಸ, ಕಾದಂಬರಿಯ ಸತ್ಯಕ್ಕೂ ಪ್ರಾಣಿಶಾಸ್ತ್ರದ ಸತ್ಯಕ್ಕೂ ಇರುವ ಸಂಬಂಧ, ಇವೆಲ್ಲ ಆ ಒಂದು ಪ್ರಶ್ನೆಯಿಂದ ಬಿಚ್ಚಿಕೊಳ್ಳುತ್ತವೆ. ‘ಚೋಮನ ದುಡಿ’ ಮತ್ತು ‘ಕರ್ವಾಲೊ’ಗಳನ್ನು ಒಂದರ ಬೆನ್ನಿಗೆ ಒಂದನ್ನು ಓದಿಸಬೇಕೆಂಬುದು ನನ್ನ ಸೂಚನೆ. ಒಂದೇ ಘಟ್ಟ ಒಬ್ಬನಿಗೆ ಸಾಲದ ದಾರಿಯಾಗಿ, ಇನ್ನೊಬ್ಬನಿಗೆ ಕುತೂಹಲದ ದಾರಿಯಾಗಿ ಕಂಡದ್ದೇಕೆ ಎಂಬ ಪ್ರಶ್ನೆಗೆ ಎರಡೂ ಕೃತಿಗಳು ಒಟ್ಟಾಗಿ ಮಾತ್ರ ಉತ್ತರ ಕೊಡಬಲ್ಲವು.

ಹುಡುಗಿಯರ ಓದಿನ ಪ್ರಶ್ನೆ ಬಂದಾಗ ಪಟ್ಟಿಗಳು ಇದ್ದಕ್ಕಿದ್ದಂತೆ ಅಂಜುತ್ತವೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕೃತಿ. ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ತಂದೆಯ ಹಟದಿಂದ ಗಂಡನನ್ನು ಕಳೆದುಕೊಂಡು, ಮರಳಿ ಅವನನ್ನು ಸೇರಲು ಒಡ್ಡಿದ ಷರತ್ತಿನ ಮುಂದೆ ಸಾವನ್ನು ಆರಿಸಿಕೊಳ್ಳುವ ನಾದಿರಾಳ ಕಥೆ ಅದು. ಬಂಟ್ವಾಳದಂತಹ ತಾಲೂಕಿನಲ್ಲಿ, ಮನೆಯಲ್ಲಿ ಬ್ಯಾರಿ ಮಾತನಾಡುವ ಹುಡುಗಿಯರು ಕನ್ನಡ ತರಗತಿಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವಲ್ಲಿ, ಇದನ್ನು ಕೊಡಬೇಕೇ? ಕೊಡಬೇಕು, ಎರಡು ಷರತ್ತುಗಳೊಡನೆ. ಅದನ್ನು ‘ಅವರ’ ಸಮುದಾಯದ ದೋಷಪಟ್ಟಿಯಂತೆ ಉಳಿದವರ ಕೈಗೆ ಕೊಡಕೂಡದು. ‘ಇಂದಿರಾಬಾಯಿ’ಯ ವಿಧವೆ, ಹತ್ತರ ವಯಸ್ಸಿಗೆ ವಿಧವೆಯಾದ ಮೂಕಜ್ಜಿ, ನಾದಿರಾ, ಈ ಮೂವರನ್ನೂ ಒಟ್ಟಿಗೆ ನೆನೆದಾಗ ಯಾವ ಸಮುದಾಯವೂ ಹೊರಗೆ ನಿಂತು ನೋಡುವಂತಿಲ್ಲ. ಎರಡನೆಯದಾಗಿ, ಆ ಕೊನೆಯನ್ನು ಎಳೆಯ ಓದುಗಳು ಒಬ್ಬಂಟಿಯಾಗಿ ಎದುರಿಸಬಾರದು. ಕೊಟ್ಟವರು ಜೊತೆಗೆ ಓದಿರಬೇಕು, ಮರುದಿನ ಮಾತಿಗೆ ಸಿಗಬೇಕು. ‘ಮೂಕಜ್ಜಿಯ ಕನಸುಗಳು’ (1968) ಕೃತಿಯನ್ನಂತೂ ಜ್ಞಾನಪೀಠದ ಕಾರಣಕ್ಕೆ ಪಟ್ಟಿಗೆ ಸೇರಿಸಿ, ಕಾಮದ ಕುರಿತ ಅಜ್ಜಿಯ ಮುಕ್ತ ಮಾತಿನ ಕಾರಣಕ್ಕೆ ಯಾರೂ ಓದದಿರಲೆಂದು ಆಶಿಸುವ ಪರಿಪಾಟ ನಮ್ಮಲ್ಲಿದೆ. ಆ ವಯಸ್ಸಿನವರಿಗೆ ದೇಹದ ಬಗ್ಗೆ ನಾಚಿಕೆಯಿಲ್ಲದೆ, ಅಶ್ಲೀಲವೂ ಇಲ್ಲದೆ ಮಾತನಾಡುವ ಹಿರಿಯರು ಸಿಗುವುದು ಅಪರೂಪ. ಕಾದಂಬರಿಯಲ್ಲಾದರೂ ಒಬ್ಬರಿರಲಿ. ಪದವಿಪೂರ್ವ ಹಂತಕ್ಕೆ ಮೊದಲು ಅದನ್ನು ಕೊಡುವ ಆತುರ ಮಾತ್ರ ಬೇಡ. ತೊಡಕಿರುವುದು ಕಾಮದಲ್ಲಿ ಅಲ್ಲ, ದೇವರು, ಇತಿಹಾಸಗಳನ್ನು ಕುರಿತ ದೀರ್ಘ ಚಿಂತನೆಯಲ್ಲಿ.

ಚಾರಿತ್ರಿಕ ಕಾದಂಬರಿಗಳಲ್ಲಿ ನಿರಂಜನರ ಎರಡು ಕೃತಿಗಳನ್ನು ಹೆಸರಿಸಬೇಕು. ‘ಚಿರಸ್ಮರಣೆ’ (1955) ಅಂದಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನ ರೈತ ಹೋರಾಟದ ಕಥೆ. ಮಾಸ್ತರರ ನೆರಳಿನಲ್ಲಿ ಬೆಳೆಯುವ ಅಪ್ಪು, ಚಿರುಕಂಡ ಎಂಬ ಹುಡುಗರೇ ಅದರ ಜೀವಾಳ. 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಅಪ್ರಾಪ್ತ ವಯಸ್ಕನೆಂಬ ಕಾರಣಕ್ಕೆ ಉಳಿದುಕೊಂಡ. ‘ಕಲ್ಯಾಣಸ್ವಾಮಿ’ 1837ರ ರೈತ ಬಂಡಾಯವನ್ನು ಕುರಿತದ್ದು. ಸುಳ್ಯ ಸೀಮೆಯಿಂದ ಹೊರಟ ಆ ದಂಡು ಬಂಟ್ವಾಳದ ದಾರಿಯಾಗಿಯೇ ಮಂಗಳೂರಿಗೆ ಸಾಗಿತು. ಬಿ.ಸಿ. ರೋಡಿನಲ್ಲಿ ದಿನವೂ ಬಸ್ಸು ಬದಲಾಯಿಸುವ ವಿದ್ಯಾರ್ಥಿಗೆ ಇದು ಗೊತ್ತಿರಬೇಕಾದ ವಿಷಯ. ನಿರಂಜನರ ರಾಜಕೀಯ ನಿಲುವು ಅವರ ಕೃತಿಗಳಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಈ ದೃಷ್ಟಿಯಿಂದ ಅವು ನಾನು ಮೇಲೆ ಹೇಳಿದ ಮಾನದಂಡಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ಆದರೂ ‘ಚಿರಸ್ಮರಣೆ’ಯ ಹುಡುಗರ ಗೆಳೆತನ ಆ ನಿಲುವಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಈಚಿನ ದಶಕಗಳಲ್ಲಿ ಎಳೆಯರನ್ನೇ ಉದ್ದೇಶಿಸಿದ ಬರವಣಿಗೆಗೆ ಬಲ ಬಂದಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದ ಮೊದಲ ಪುರಸ್ಕಾರ ಸಂದದ್ದು ಪುತ್ತೂರಿನ ಬೊಳುವಾರಿನಿಂದ ಬಂದ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ, ಮರುವರ್ಷ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ. ಅಣೆಕಟ್ಟೆಯಿಂದ ಊರು ಕಳೆದುಕೊಂಡವರ ನೋವನ್ನು ಮಕ್ಕಳಿಗೂ ಹೇಳಬಹುದೆಂದು ಡಿಸೋಜರು ನಂಬಿದ್ದರು. ಹನ್ನೆರಡು, ಹದಿಮೂರರ ಓದುಗರಿಗೆ ಇಂತಹವು ಮೆಟ್ಟಿಲು. ಹದಿನಾರರವರನ್ನು ಅಲ್ಲೇ ಕೂರಿಸಿಡಬಾರದು.

ಇನ್ನು ಪುಸ್ತಕಗಳನ್ನು ತಲುಪಿಸುವ ವಿಚಾರ. 2020ರಲ್ಲಿ ಆರಂಭವಾದ ‘ಓದುವ 

ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟರವರೆಗಿನವರಿಗೆ ಉಚಿತ ಸದಸ್ಯತ್ವ ದೊರೆಯಿತು. ಕಪಾಟಿನಲ್ಲಿ ಏನಿದೆ ಎಂಬುದರ ಮೇಲೆ ಅದರ ಫಲ ನಿಂತಿದೆ. ದ್ವಿತೀಯ ಪಿಯುಸಿ ಕನ್ನಡಕ್ಕೆ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ದೀರ್ಘಗದ್ಯವಾಗಿ ಬಂದದ್ದು ಮಾಡಿದ ಉಪಕಾರವನ್ನು ಇಲ್ಲಿ ನೆನೆಯಬೇಕು: ಇಡಿಯ ಕೃತಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಅನುಭವ ಹಲವರಿಗೆ ಅದೊಂದರಿಂದಲೇ ಆಗಿದೆ.

ಮೂಡುಬಿದಿರೆಯ ಪರಿಸ್ಥಿತಿ ಮಿಕ್ಕೆರಡು ಊರುಗಳಿಗಿಂತ ಭಿನ್ನ. ರತ್ನಾಕರವರ್ಣಿಯ ಊರು, ಸಾವಿರ ಕಂಬದ ಬಸದಿಯ ಊರು ಇಂದು ವಸತಿ ಕಾಲೇಜುಗಳ ಊರೂ ಹೌದು. ರಾಜ್ಯದ ಎಲ್ಲೆಡೆಯಿಂದ ಬಂದ ಹದಿನಾರು, ಹದಿನೇಳರ ಮಕ್ಕಳು ಇಲ್ಲಿನ ಹಾಸ್ಟೆಲುಗಳಲ್ಲಿದ್ದಾರೆ. 2004ರಲ್ಲಿ ಆರಂಭವಾದ ಆಳ್ವಾಸ್ ನುಡಿಸಿರಿ ಸಾಹಿತಿಗಳನ್ನು ಅವರ ಕಣ್ಣೆದುರಿಗೆ ತಂದು ನಿಲ್ಲಿಸಿತ್ತು. ಉಳಿದ ದಿನಗಳಲ್ಲಿ ಅವರ ಸಮಯವನ್ನೆಲ್ಲ ಪ್ರವೇಶ ಪರೀಕ್ಷೆಗಳ ತಯಾರಿ ನುಂಗುತ್ತದೆ. ಕಾದಂಬರಿ ಕೈಗೆ ಬಂದರೆ ಅದು ರಾತ್ರಿ ದೀಪ ಆರುವ ಮುಂಚಿನ ಅರ್ಧ ಗಂಟೆಗೆ. ಆ ಅರ್ಧ ಗಂಟೆಗೆ ‘ಬೆಟ್ಟದ ಜೀವ’ಕ್ಕಿಂತ ‘ಕರ್ವಾಲೊ’ ಒಪ್ಪುತ್ತದೆ. ಒಂದೇ ಕೋಣೆಯಲ್ಲಿ ಕಲಬುರಗಿಯ ಹುಡುಗನೂ ಬೆಳ್ತಂಗಡಿಯ ಹುಡುಗನೂ ಇದ್ದಾಗ ‘ಚೋಮನ ದುಡಿ’ ಇಬ್ಬರ ನಡುವೆ ಕೈ ಬದಲಾಯಿಸಿದರೆ, ದುಡಿಯೆಂದರೇನು, ಪಂಜುರ್ಲಿ ಯಾರು ಎಂದು ಒಬ್ಬ ಹೇಳಬೇಕಾಗುತ್ತದೆ. ಬಯಲುಸೀಮೆಯಲ್ಲಿ ಚೋಮನಂಥವನಿಗೆ ಹೊಲ ಸಿಕ್ಕಿತ್ತೇ ಎಂದು ಇನ್ನೊಬ್ಬ ಹೇಳಬೇಕಾಗುತ್ತದೆ.